ಕಡಲ ಏಂಜೆಲ್ ಮೀನು: ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಸಾಕುವುದು ಹೇಗೆ?

ಅಕ್ವೇರಿಯಂ ಅಂಗಡಿಯಲ್ಲಿ ‘ಏಂಜೆಲ್ ಮೀನು’ ಎಂದು ಕೇಳಿದರೆ ಸಾಮಾನ್ಯವಾಗಿ ಮಾರಾಟಗಾರ ತೋರಿಸುವುದು ತ್ರಿಕೋನಾಕಾರದ, ನೀಳ ಈಜುರೆಕ್ಕೆಗಳ, ಕಪ್ಪು ಪಟ್ಟೆಗಳುಳ್ಳ ಸಿಹಿನೀರಿನ ಮೀನನ್ನು. ಅದು ದಕ್ಷಿಣ ಅಮೆರಿಕದ ಅಮೆಜಾನ್ ನದಿ ಪ್ರದೇಶಕ್ಕೆ ಸೇರಿದ, ಸಿಕ್ಲಿಡ್ ಕುಟುಂಬದ ಮೀನು. ಈ ಲೇಖನದ ವಿಷಯ ಅದಲ್ಲ. ಹವಳದ ದಿಬ್ಬಗಳ ಸುತ್ತ ಬದುಕುವ, ನೀಲಿ, ಹಳದಿ, ಕೇಸರಿ ಬಣ್ಣಗಳಿಂದ ಕಣ್ಸೆಳೆಯುವ ಕಡಲ ಏಂಜೆಲ್ ಮೀನು ಸಂಪೂರ್ಣವಾಗಿ ಬೇರೆಯೇ ಕುಟುಂಬ. ಹೆಸರೊಂದೇ ಆದರೂ ಒಂದಕ್ಕೆ ಇನ್ನೊಂದರ ನೀರು ವಿಷ. ಸಿಹಿನೀರಿನ ಏಂಜೆಲ್ ಅನ್ನು ಹತ್ತಾರು ಲೀಟರಿನ ತೊಟ್ಟಿಯಲ್ಲಿ ಸಾಕಿ ಅನುಭವವಿರುವವರು ‘ಇದೂ ಹಾಗೆಯೇ ಇರಬೇಕು’ ಎಂದು ಭಾವಿಸಿ ಕಡಲ ಏಂಜೆಲ್ ಅನ್ನು ಮನೆಗೆ ತಂದು, ತಿಂಗಳೊಳಗೆ ಕಳೆದುಕೊಳ್ಳುವುದು ಈ ಹವ್ಯಾಸದಲ್ಲಿ ಪದೇ ಪದೇ ನಡೆಯುವ ಸಂಗತಿ.

ಕಡಲ ಏಂಜೆಲ್‌ಗಳ ಕುಟುಂಬಕ್ಕೆ ವಿಜ್ಞಾನಿಗಳು ಪೊಮಕ್ಯಾಂಥಿಡೆ ಎಂದು ಹೆಸರಿಟ್ಟಿದ್ದಾರೆ. ಇದರಲ್ಲಿ ಸುಮಾರು 90 ಪ್ರಭೇದಗಳಿವೆ. ನೋಟದಲ್ಲಿ ಇವು ಚಿಟ್ಟೆ ಮೀನುಗಳನ್ನು ಹೋಲುತ್ತವೆ. ಹಿಂದೆ ಎರಡನ್ನೂ ಒಂದೇ ಕುಟುಂಬದಲ್ಲಿ ಇರಿಸಿದ್ದೂ ಉಂಟು. ಗುರುತಿಸುವ ಸುಲಭ ಮಾರ್ಗವೆಂದರೆ ಕೆನ್ನೆಯನ್ನು ನೋಡುವುದು. ಏಂಜೆಲ್ ಮೀನಿನ ಕಿವಿರು ಮುಚ್ಚಳದ ಕೆಳಭಾಗದಲ್ಲಿ ಹಿಂದಕ್ಕೆ ಚಾಚಿದ ಗಟ್ಟಿಯಾದ ಒಂದು ಮುಳ್ಳಿರುತ್ತದೆ, ಚಿಟ್ಟೆ ಮೀನಿಗೆ ಇದಿಲ್ಲ. ಬಲೆಯಲ್ಲಿ ಹಿಡಿದಾಗ ಈ ಮುಳ್ಳು ದಾರಕ್ಕೆ ಸಿಕ್ಕಿಕೊಂಡು ಮೀನಿಗೆ ಗಾಯವಾಗುತ್ತದೆ. ಆದ್ದರಿಂದ ಅನುಭವಿಗಳು ಬಲೆಯ ಬದಲು ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಏಂಜೆಲ್ ಅನ್ನು ಹಿಡಿಯುತ್ತಾರೆ.

ಮರಿಯೇ ಬೇರೆ, ದೊಡ್ಡದೇ ಬೇರೆ

ಈ ಕುಟುಂಬದ ಅತ್ಯಂತ ಪ್ರಸಿದ್ಧ ಸದಸ್ಯ ಎಂಪರರ್ ಏಂಜೆಲ್. ಕೆಂಪು ಸಮುದ್ರ ಮತ್ತು ಪೂರ್ವ ಆಫ್ರಿಕಾದ ತೀರದಿಂದ ಶಾಂತ ಸಾಗರದ ದ್ವೀಪಗಳವರೆಗೆ ಹರಡಿರುವ ಈ ಮೀನು ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿಯೂ ಇದೆ. ಬೆಳೆದ ಮೀನಿನ ಮೈಮೇಲೆ ಹಳದಿ ಮತ್ತು ನೀಲಿಯ ಅಡ್ಡಗೆರೆಗಳು, ಕಣ್ಣಿಗೆ ಕಪ್ಪು ಪಟ್ಟಿ. ಮರಿಯದು ಇದಕ್ಕೆ ತೀರಾ ಭಿನ್ನ: ಕಡುನೀಲಿ ಮೈಮೇಲೆ ಬಾಲದ ಕಡೆ ಒಂದರೊಳಗೊಂದು ಕೂತಂತಿರುವ ಬಿಳಿ ವೃತ್ತಗಳು. ಎರಡೂ ಎಷ್ಟು ಬೇರೆಯೆಂದರೆ 1787ರಲ್ಲಿ ಜರ್ಮನಿಯ ಬ್ಲಾಕ್ ಎಂಬ ವಿಜ್ಞಾನಿ ದೊಡ್ಡ ಮೀನಿಗೆ ಹೆಸರಿಟ್ಟ ಕೆಲವು ವರ್ಷಗಳಲ್ಲಿಯೇ ಮರಿಯನ್ನು ಪ್ರತ್ಯೇಕ ಪ್ರಭೇದವೆಂದು ತಿಳಿದು ನಿಕೋಬಾರ್ ದ್ವೀಪದ ಹೆಸರನ್ನು ಕೊಡಲಾಗಿತ್ತು! ಎರಡೂ ಒಂದೇ ಎಂಬುದು ಖಚಿತವಾಗಲು ಬಹಳ ಕಾಲ ಹಿಡಿಯಿತು.

ಮರಿಗೆ ಬೇರೆ ಬಣ್ಣ ಏಕೆ? ದೊಡ್ಡ ಏಂಜೆಲ್ ತನ್ನ ಪ್ರದೇಶದೊಳಗೆ ತನ್ನಂಥದೇ ಬಣ್ಣದ ಇನ್ನೊಂದು ಮೀನನ್ನು ಸಹಿಸುವುದಿಲ್ಲ. ಬೇರೆ ಬಣ್ಣ ತೊಟ್ಟ ಮರಿಯನ್ನು ಪ್ರತಿಸ್ಪರ್ಧಿಯೆಂದು ಪರಿಗಣಿಸದೆ ಬಿಟ್ಟುಬಿಡುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಮನೆಯಲ್ಲಿ ಸಾಕುವವರಿಗೆ ಈ ಬಣ್ಣ ಬದಲಾವಣೆಯನ್ನು ಕಣ್ಣಾರೆ ಕಾಣುವುದೇ ದೊಡ್ಡ ಆಕರ್ಷಣೆ. ಎಂಟರಿಂದ ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ ಬಂದಾಗ ವೃತ್ತಗಳು ಮಾಸಲಾರಂಭಿಸಿ, ತಿಂಗಳುಗಟ್ಟಲೆ ಎರಡೂ ವಿನ್ಯಾಸಗಳು ಒಂದರ ಮೇಲೊಂದು ಕಾಣುತ್ತವೆ. ಇಕ್ಕಟ್ಟಾದ ತೊಟ್ಟಿಯಲ್ಲಿ, ಕಳಪೆ ಆಹಾರದಲ್ಲಿ ಬೆಳೆದ ಮೀನು ಪೂರ್ಣ ಬಣ್ಣವನ್ನು ಪಡೆಯದೆ ಮಂಕಾಗಿಯೇ ಉಳಿಯುವುದೂ ಉಂಟು.

ಗ್ರಾಹಕ ಎಡವುವುದೂ ಇಲ್ಲಿಯೇ. ಭಾರತದ ಕರಾವಳಿಯ ಬಂಡೆಗಳ ಬಳಿ ಸಿಗುವ ನೀಲಿ ಉಂಗುರದ ಏಂಜೆಲ್ (ಪೊಮಕ್ಯಾಂಥಸ್ ಆನ್ಯುಲಾರಿಸ್) ಮರಿ ಅಂಗಡಿಯಲ್ಲಿ ಐದು ಸೆಂಟಿಮೀಟರ್ ಇರುತ್ತದೆ. ನೀಲಿ-ಬಿಳಿ ಗೆರೆಗಳ ಮುದ್ದಾದ ಮೀನು. ಪೂರ್ಣ ಬೆಳೆದಾಗ ಅದರ ಉದ್ದ 45 ಸೆಂಟಿಮೀಟರ್ ತಲುಪಬಲ್ಲದು. ಎಂಪರರ್ 40 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅಂದರೆ ಮೂರು ಅಡಿಯ ತೊಟ್ಟಿಯ ಅರ್ಧದಷ್ಟು ಉದ್ದದ ಮೀನು! ಚೆನ್ನಾಗಿ ನೋಡಿಕೊಂಡರೆ ದೊಡ್ಡ ಏಂಜೆಲ್‌ಗಳು ಹದಿನೈದು–ಇಪ್ಪತ್ತು ವರ್ಷ ಬದುಕುತ್ತವೆ ಎಂಬುದನ್ನೂ ಕೊಳ್ಳುವ ಮುನ್ನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೆ ಇದು ಹೊಂದುವ ಮೀನಲ್ಲ.

ಯಾವುದನ್ನು ಆರಿಸಬೇಕು?

ಮನೆಯ ತೊಟ್ಟಿಗೆ ನಿಜಕ್ಕೂ ಸೂಕ್ತವಾದವು ಕುಬ್ಜ ಏಂಜೆಲ್‌ಗಳು. ಸೆಂಟ್ರೋಪೈಗಿ ಎಂಬ ಕುಲಕ್ಕೆ ಸೇರಿದ ಇವುಗಳಲ್ಲಿ ಬಹುತೇಕ ಪ್ರಭೇದಗಳು ಹತ್ತರಿಂದ ಹದಿನೈದು ಸೆಂಟಿಮೀಟರ್ ಮೀರುವುದಿಲ್ಲ. ಕಡುನೀಲಿ ಮತ್ತು ಕಿತ್ತಳೆ ಬಣ್ಣದ ಕೋರಲ್ ಬ್ಯೂಟಿ, ಬೆಂಕಿಯಂತೆ ಕೆಂಪಾದ ಫ್ಲೇಮ್ ಏಂಜೆಲ್, ಅಂಡಮಾನ್ ಸಮುದ್ರದಲ್ಲಿ ಕಂಡುಬರುವ ಐಬ್ಲ್ಸ್ ಏಂಜೆಲ್, ಹಿಂದೂ ಮಹಾಸಾಗರದ ಕಂದು ಬಣ್ಣದ ಮಲ್ಟಿಸ್ಪೈನಿಸ್ ಇವುಗಳಲ್ಲಿ ಕೆಲವು. ಇವು ಬಂಡೆಯ ಮೇಲಿನ ಪಾಚಿ ಮತ್ತು ಕೊಳೆತ ಸಾವಯವ ಕಣಗಳನ್ನು ದಿನವಿಡೀ ಕೆರೆದು ತಿನ್ನುತ್ತವೆ. 250 ಲೀಟರ್ ಸುಮಾರಿನ, ಬಂಡೆಗಳ ಸಂದುಗೊಂದುಗಳಿರುವ, ಕೆಲವು ತಿಂಗಳು ಹಳೆಯದಾದ ತೊಟ್ಟಿ ಒಂದು ಕುಬ್ಜ ಏಂಜೆಲ್‌ಗೆ ಸಾಕು. ಮೊದಲ ಬಾರಿಗೆ ಏಂಜೆಲ್ ಸಾಕುವವರಿಗೆ ಕೋರಲ್ ಬ್ಯೂಟಿಗಿಂತ ಉತ್ತಮವಾದ ಆರಂಭ ಇನ್ನೊಂದಿಲ್ಲ.

ಪೊಮಕ್ಯಾಂಥಸ್ ಮತ್ತು ಹೊಲಕ್ಯಾಂಥಸ್ ಕುಲಗಳ ದೊಡ್ಡ ಏಂಜೆಲ್‌ಗಳು ಗಟ್ಟಿಮುಟ್ಟಾದವು, ಮನುಷ್ಯರನ್ನು ಬೇಗ ಗುರುತಿಸುವಂಥವು. ಗಾಬರಿಯಾದಾಗ ಡೋಲು ಬಡಿದಂತೆ ‘ಧಬ್’ ಎಂಬ ಸದ್ದು ಹೊರಡಿಸುವ ಪ್ರಭೇದಗಳೂ ಇವೆ. ಗಾಜಿನ ಹೊರಗೆ ನಿಂತವರಿಗೂ ಅದು ಕೇಳಿಸುತ್ತದೆ. ಆದರೆ ಇವುಗಳಿಗೆ ಆರು ಅಡಿಗೆ ಕಡಿಮೆಯಿಲ್ಲದ, 650ರಿಂದ 800 ಲೀಟರ್ ಹಿಡಿಯುವ ತೊಟ್ಟಿ ಬೇಕು. ‘ಮರಿಯಾಗಿದ್ದಾಗ ಚಿಕ್ಕ ತೊಟ್ಟಿಯಲ್ಲಿಟ್ಟು ಆಮೇಲೆ ದೊಡ್ಡದು ಮಾಡಿದರಾಯಿತು’ ಎಂಬ ಮಾತು ಸಾಮಾನ್ಯ. ಆಚರಣೆಯಲ್ಲಿ ಆ ‘ಆಮೇಲೆ’ ಬರುವುದು ಅಪರೂಪ.

ನೋಡಲು ಅತ್ಯಂತ ಸುಂದರವಾದ ಕೆಲವು ಏಂಜೆಲ್‌ಗಳು ಸಾಕಲು ಅತ್ಯಂತ ಕಷ್ಟದವು. ಲಕ್ಷದ್ವೀಪ, ಮಾಲ್ಡೀವ್ಸ್‌ನಲ್ಲಿರುವ ರೀಗಲ್ ಏಂಜೆಲ್ ಇದಕ್ಕೆ ಉದಾಹರಣೆ. ಕೆರೀಬಿಯನ್ ಸಮುದ್ರದ ರಾಕ್ ಬ್ಯೂಟಿ ಇನ್ನೊಂದು. ಕಾಡಿನಲ್ಲಿ ಹುಲಿಗೆ ಮಾಂಸ ಹೇಗೋ ಇವುಗಳಿಗೆ ಕಡಲ ಸ್ಪಂಜು ಹಾಗೆ. 1968ರಲ್ಲಿ ಜಾನ್ ರ್‍ಯಾಂಡಲ್ ಮತ್ತು ವಿಲ್ಲರ್ಡ್ ಹಾರ್ಟ್‌ಮನ್ ಎಂಬ ವಿಜ್ಞಾನಿಗಳು ವೆಸ್ಟ್ ಇಂಡೀಸ್‌ನ ಮೀನುಗಳ ಹೊಟ್ಟೆಯನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ರಾಕ್ ಬ್ಯೂಟಿಯ ಆಹಾರದ ಬಹುಪಾಲು ಸ್ಪಂಜೇ ಎಂಬುದು ದೃಢಪಟ್ಟಿತ್ತು. ತೊಟ್ಟಿಯಲ್ಲಿ ಇಂಥ ಮೀನು ಸಿಗಡಿಯನ್ನೋ ಗುಳಿಗೆಯನ್ನೋ ಕಂಡರೆ ಆಹಾರವೆಂದೇ ಗುರುತಿಸದೆ ಉಪವಾಸ ಬೀಳುತ್ತದೆ. ಮೂರು–ನಾಲ್ಕು ವರ್ಷದ ಅನುಭವವಿಲ್ಲದವರು ಇವುಗಳ ಗೋಜಿಗೆ ಹೋಗದಿರುವುದೇ ಲೇಸು.

ಜೆನಿಕ್ಯಾಂಥಸ್ ಕುಲದ ಏಂಜೆಲ್‌ಗಳದು ಇನ್ನೊಂದು ಬಗೆ. ಇವು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ, ಹವಳದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಗಂಡು ಹೆಣ್ಣುಗಳ ಬಣ್ಣವೂ ಬೇರೆ ಬೇರೆ.

ಮೊದಲು ನೀರು, ಆಮೇಲೆ ಮೀನು

ಉಪ್ಪುನೀರಿನ ತೊಟ್ಟಿ ಎಂದರೆ ಅಡುಗೆ ಉಪ್ಪು ಬೆರೆಸಿದ ನೀರಲ್ಲ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಮಾತ್ರ ಇರುತ್ತದೆ. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬನೇಟ್ ಮೊದಲಾದವು ಇರುವುದಿಲ್ಲ. ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ 270 ಲೀಟರ್ ತೊಟ್ಟಿಯನ್ನು ಮೊದಲ ಸಲ ತುಂಬಲು ಹತ್ತು ಕಿಲೋ ಉಪ್ಪು ಬೇಕು ಎಂದಾಯಿತು. ಹದಿನೈದು ದಿನಕ್ಕೊಮ್ಮೆ ಶೇ.10ರಷ್ಟು ನೀರು ಬದಲಿಸಲು ಪ್ರತಿ ಸಲವೂ ಒಂದು ಕಿಲೋ. ಸಾಂದ್ರತಾ ಮಾಪಕದಲ್ಲಿ ನೀರಿನ ಸಾಪೇಕ್ಷ ಸಾಂದ್ರತೆ 1.023ರಿಂದ 1.025, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಪಿಎಚ್ 8.1ರಿಂದ 8.4ರ ನಡುವೆ ಇರಬೇಕು. ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು.

ಉಪ್ಪು ಬೆರೆಸುವ ನೀರೂ ಮುಖ್ಯ. ಬೆಂಗಳೂರಿನ ಹಲವು ಬಡಾವಣೆಗಳ ಕೊಳವೆಬಾವಿ ನೀರು ಗಡಸು, ನೈಟ್ರೇಟ್ ಅಂಶವೂ ಹೆಚ್ಚಿರಬಹುದು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡಕ್ಕೂ ಪರಿಹಾರ ಆರ್‌ಒ ಯಂತ್ರದ ನೀರು. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಖನಿಜಾಂಶವನ್ನು ಮರಳಿ ಬೆರೆಸುವ ವ್ಯವಸ್ಥೆ ಇರುತ್ತದೆಯಾದ್ದರಿಂದ ಅದನ್ನು ಬಿಟ್ಟು ಹಾಯುವಂತೆ ಮಾಡಿಕೊಳ್ಳಬೇಕಾಗುತ್ತದೆ.

‘ಮಂಗಳೂರು, ಕಾರವಾರದವರಿಗೆ ಈ ಖರ್ಚು ಏಕೆ? ಸಮುದ್ರವೇ ಇದೆಯಲ್ಲ’ ಎಂಬ ಪ್ರಶ್ನೆ ಸಹಜ. ದಡದಲ್ಲಿ ಬಕೆಟ್ಟಿಗೆ ತುಂಬಿಕೊಳ್ಳುವ ನೀರು ಹವಳದ ದಿಬ್ಬದ ನೀರಲ್ಲ ಎಂಬುದೇ ಉತ್ತರ. ನೇತ್ರಾವತಿ–ಗುರುಪುರ ನದಿಗಳು ಸೇರುವಲ್ಲಿ, ಕಾಳಿ ನದಿಯ ಮುಖದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಸಮುದ್ರದ ಉಪ್ಪಿನಂಶ ಬಹಳವಾಗಿ ಇಳಿಯುತ್ತದೆ, ಕೆಸರು ಬೆರೆತಿರುತ್ತದೆ. ಬಂದರಿನ ಬಳಿಯ ನೀರಿನಲ್ಲಿ ದೋಣಿಗಳ ಎಣ್ಣೆ ಇರುತ್ತದೆ. ಬೇಸಿಗೆಯಲ್ಲಿ ನದೀಮುಖದಿಂದ ದೂರ, ದಡದಿಂದ ಒಳಗೆ ಹೋಗಿ ತಂದು, ಶೋಧಿಸಿ ಬಳಸುವವರಿದ್ದಾರೆ. ಅದು ಹೊಸಬರ ಕೆಲಸವಲ್ಲ.

ತೊಟ್ಟಿಗೆ ನೀರು ತುಂಬಿದ ಮರುದಿನವೇ ಮೀನು ಬಿಡುವಂತಿಲ್ಲ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಬಂಡೆ ಮತ್ತು ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಸಮುದ್ರದ ನೀರಿನ ಪಿಎಚ್ ಹೆಚ್ಚಿರುವುದರಿಂದ ಅಷ್ಟೇ ಪ್ರಮಾಣದ ಅಮೋನಿಯ ಇಲ್ಲಿ ಸಿಹಿನೀರಿಗಿಂತ ಹೆಚ್ಚು ವಿಷಕಾರಿ. ಏಂಜೆಲ್‌ಗಳಂತೂ ಇಷ್ಟಕ್ಕೇ ತೃಪ್ತವಾಗುವುದಿಲ್ಲ. ತೊಟ್ಟಿಗೆ ಆರು ತಿಂಗಳು ತುಂಬಿ, ಬಂಡೆಗಳ ಮೇಲೆ ಪಾಚಿ, ಸಣ್ಣಪುಟ್ಟ ಸ್ಪಂಜುಗಳು ಬೆಳೆದ ನಂತರ ತಂದ ಮೀನು ಬದುಕುವ ಸಾಧ್ಯತೆ ಬಹಳ ಹೆಚ್ಚು.

ತೊಟ್ಟಿಯ ಭಾರವನ್ನು ಹಲವರು ಮರೆಯುತ್ತಾರೆ. ಒಂದು ಲೀಟರ್ ಸಮುದ್ರದ ನೀರು ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಗಾಜು, ಬಂಡೆ, ಮರಳು, ಸ್ಟ್ಯಾಂಡ್ ಸೇರಿ ಆರು ಅಡಿ ತೊಟ್ಟಿ 900 ಕಿಲೋ ದಾಟುತ್ತದೆ. ಮೇಲಂತಸ್ತಿನ ಮನೆಯಾದರೆ ಕಟ್ಟಡದ ಎಂಜಿನಿಯರ್‌ನನ್ನು ಕೇಳದೆ ಇಡಬಾರದು.

ಸಲಕರಣೆಗಳಲ್ಲಿ ಬಿಡುವಂತಿಲ್ಲದ್ದು ಪ್ರೋಟೀನ್ ಸ್ಕಿಮ್ಮರ್. ಇದರೊಳಗೆ ಅತಿ ಸಣ್ಣ ಗಾಳಿಗುಳ್ಳೆಗಳು ಮೇಲೇಳುವಾಗ ನೀರಿನಲ್ಲಿ ಕರಗಿದ ಸಾವಯವ ಕಲ್ಮಶ ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಸೇರುತ್ತದೆ. ಏಂಜೆಲ್ ಹೊಟ್ಟೆಬಾಕ ಮೀನು. ಸ್ಕಿಮ್ಮರ್ ಇಲ್ಲದೆ ನೈಟ್ರೇಟ್ ನಿಯಂತ್ರಿಸುವುದು ಕಷ್ಟ. ನೀರು ತಿರುಗಿಸುವ ಪಂಪುಗಳು ಎರಡಾದರೂ ಇರಲಿ. ಆವಿಯಾಗುವ ನೀರಿಗೆ ಬದಲಾಗಿ ಸುರಿಯಬೇಕಾದದ್ದು ಸಿಹಿನೀರನ್ನೇ ಎಂಬುದನ್ನು ನೆನಪಿಡಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿದಿರುತ್ತದೆ. ಇದನ್ನರಿಯದೆ ಪ್ರತಿ ಸಲವೂ ಉಪ್ಪುನೀರು ಸುರಿದು, ಉಪ್ಪಿನಂಶ ಏರಿಸಿಕೊಂಡು ಮೀನು ಸಾಯಿಸಿದವರಿದ್ದಾರೆ.

ಬೇಸಿಗೆ ಮತ್ತು ವಿದ್ಯುತ್ ಕಡಿತ

ವಿದೇಶಿ ಪುಸ್ತಕಗಳು ತೊಟ್ಟಿಗೆ ಹೀಟರ್ ಹಾಕಲು ಹೇಳುತ್ತವೆ. ಕರ್ನಾಟಕದ ಬಹುಭಾಗಕ್ಕೆ ಬೇಕಾದದ್ದು ಅದರ ವಿರುದ್ಧ. ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನ ಮನೆಯೊಳಗೇ ಪಂಪು, ದೀಪಗಳ ಬಿಸಿ ಸೇರಿ ತೊಟ್ಟಿಯ ನೀರು 30 ಡಿಗ್ರಿ ದಾಟುತ್ತದೆ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಫ್ಯಾನು ಎರಡು–ಮೂರು ಡಿಗ್ರಿ ಇಳಿಸಬಲ್ಲದು. ಒಣಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ಅಷ್ಟು ಪ್ರಯೋಜನವಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಯಂಥ ಊರುಗಳಲ್ಲಿ ಚಿಲ್ಲರ್ ಯಂತ್ರವಿಲ್ಲದೆ ಏಂಜೆಲ್ ಸಾಕುವ ಮಾತನ್ನೇ ಬಿಡಬೇಕು. ಚಿಲ್ಲರ್ ಬೆಲೆ ಹಲವು ಬಾರಿ ತೊಟ್ಟಿಯ ಬೆಲೆಯನ್ನೂ ಮೀರುತ್ತದೆ, ವಿದ್ಯುತ್ ಬಿಲ್ಲು ಬೇರೆ.

ವಿದ್ಯುತ್ ಕಡಿತ ಇನ್ನೂ ದೊಡ್ಡ ಅಪಾಯ. ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕವನ್ನು ಹಿಡಿದಿಡುವುದಿಲ್ಲ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿದ್ದರೆ ಸಮುದ್ರದ ನೀರು ಹಿಡಿಯುವುದು 6.8 ಮಿಲಿಗ್ರಾಂ ಮಾತ್ರ. ಬಿಸಿಯೇರಿದಂತೆ ಅದೂ ಕಡಿಮೆಯಾಗುತ್ತದೆ. ಪಂಪು ನಿಂತ ತೊಟ್ಟಿಯಲ್ಲಿ ದೊಡ್ಡ ಮೀನು ಕೆಲವೇ ಗಂಟೆಗಳಲ್ಲಿ ಉಸಿರುಗಟ್ಟುತ್ತದೆ. ಸ್ಕಿಮ್ಮರ್, ಚಿಲ್ಲರ್‌ಗಳನ್ನು ಬಿಟ್ಟು ಒಂದು ಪಂಪನ್ನಾದರೂ ಮನೆಯ ಯುಪಿಎಸ್‌ಗೆ ಜೋಡಿಸಿರಬೇಕು. ಅದಿಲ್ಲದವರು ಬ್ಯಾಟರಿ ಚಾಲಿತ ಗಾಳಿಪಂಪನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಹವಳ ಬೇಡ, ಕಾನೂನೂ ಬಿಡದು

ಏಂಜೆಲ್‌ಗಳ ಬಗ್ಗೆ ವಿದೇಶಗಳಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಪ್ರಶ್ನೆ, ‘ಇವು ಹವಳವನ್ನು ತಿನ್ನುತ್ತವೆಯೇ?’ ಎಂಬುದು. ದೊಡ್ಡ ಏಂಜೆಲ್‌ಗಳು ಖಂಡಿತ ಕುಕ್ಕುತ್ತವೆ. ಕುಬ್ಜ ಏಂಜೆಲ್‌ಗಳಲ್ಲಿ ಕೆಲವು ಕುಕ್ಕುತ್ತವೆ, ಕೆಲವು ಇಲ್ಲ. ಒಂದೇ ಪ್ರಭೇದದ ಎರಡು ಮೀನುಗಳ ನಡುವೆಯೂ ವ್ಯತ್ಯಾಸವಿರುತ್ತದೆ.

ಭಾರತದ ಹವ್ಯಾಸಿಗೆ ಈ ಪ್ರಶ್ನೆ ಬಹುಮಟ್ಟಿಗೆ ಅಪ್ರಸ್ತುತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಕರಿ ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಸಮುದ್ರ ಕುದುರೆ, ಸಮುದ್ರ ಸೌತೆ ಮೊದಲಾದವನ್ನು ಸೇರಿಸಲಾಯಿತು. 2022ರ ತಿದ್ದುಪಡಿಯಿಂದ ಅನುಸೂಚಿಗಳು ಮರುಜೋಡಣೆಗೊಂಡ ನಂತರವೂ ಹವಳಕ್ಕೆ ರಕ್ಷಣೆ ಮುಂದುವರಿದಿದೆ. ನಮ್ಮ ಕಡಲಿನಿಂದ ತೆಗೆದ ಹವಳವನ್ನಾಗಲಿ, ಹವಳ ಅಂಟಿದ ‘ಜೀವಂತ ಬಂಡೆ’ಯನ್ನಾಗಲಿ ಮಾರುವುದು, ಕೊಳ್ಳುವುದು ಅಪರಾಧ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದವರು ನೆನಪಿಗೆಂದು ಹವಳದ ತುಂಡು ತಂದರೂ ಅದೇ ಕಾನೂನು ಅನ್ವಯಿಸುತ್ತದೆ. ಆದ್ದರಿಂದ ಸಿಮೆಂಟ್ ಅಥವಾ ಸೆರಾಮಿಕ್‌ನಿಂದ ಮಾಡಿದ ರಂಧ್ರಯುಕ್ತ ಕೃತಕ ಬಂಡೆಗಳನ್ನು ಬಳಸಿ, ಮೀನು ಮಾತ್ರ ಇರುವ ತೊಟ್ಟಿಯನ್ನು ಕಟ್ಟುವುದೇ ಸರಿಯಾದ ಕ್ರಮ. ಏಂಜೆಲ್‌ಗಳಿಗೂ ಅದೇ ಹೆಚ್ಚು ಹೊಂದುತ್ತದೆ.

ಮೀನಿನ ವಿಷಯದಲ್ಲಿ ಕಾನೂನು ಅಷ್ಟು ಸ್ಪಷ್ಟವಾಗಿ ಉಳಿಯಲಿಲ್ಲ. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ರೂಪಿಸಿ, ಕ್ಲೌನ್ ಮೀನು, ಚಿಟ್ಟೆ ಮೀನು, ಏಂಜೆಲ್‌ಗಳೂ ಸೇರಿದಂತೆ 158 ಪ್ರಭೇದಗಳ ಪ್ರದರ್ಶನ ಮತ್ತು ಮಾರಾಟಕ್ಕೆ ನಿರ್ಬಂಧ ವಿಧಿಸಿತ್ತು. ವ್ಯಾಪಾರಿಗಳು, ಸಾಕಣೆದಾರರಿಂದ ವಿರೋಧ ಬಂದ ನಂತರ ಆ ಅಧಿಸೂಚನೆಯನ್ನು ಹಿಂಪಡೆಯಲಾಯಿತು. ಅಂತಾರಾಷ್ಟ್ರೀಯ ಮಟ್ಟದಲ್ಲಿ ಮೆಕ್ಸಿಕೊದ ದ್ವೀಪಗಳ ಬಳಿಯಷ್ಟೇ ಹೆಚ್ಚಾಗಿ ಇರುವ ಕ್ಲಾರಿಯನ್ ಏಂಜೆಲ್ ಅನ್ನು 2016ರಲ್ಲಿ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಲಾಗಿದೆ. ಪರವಾನಗಿ ಇಲ್ಲದೆ ಅದನ್ನು ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ.

ಅಂಗಡಿಯಲ್ಲಿ ಏನನ್ನು ನೋಡಬೇಕು?

ಕಡಲ ಏಂಜೆಲ್‌ಗಳಲ್ಲಿ ಹೆಚ್ಚಿನವು ಇಂದಿಗೂ ಸಮುದ್ರದಿಂದ ಹಿಡಿದು ತಂದವು. ಹಿಡಿದ ವಿಧಾನವೇ ಮೀನಿನ ಆಯುಷ್ಯವನ್ನು ನಿರ್ಧರಿಸುತ್ತದೆ. 1960ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಆರಂಭವಾಗಿ ಆಗ್ನೇಯ ಏಷ್ಯಾದ ಇತರೆಡೆಗೂ ಹಬ್ಬಿದ ಸಯನೈಡ್ ಪದ್ಧತಿ ಇವುಗಳಲ್ಲಿ ಅತ್ಯಂತ ಕ್ರೂರವಾದದ್ದು. ಮುಳುಗುಗಾರ ಪ್ಲಾಸ್ಟಿಕ್ ಬಾಟಲಿಯಿಂದ ಸೋಡಿಯಂ ಸಯನೈಡ್ ದ್ರಾವಣವನ್ನು ಹವಳದ ಸಂದಿಗೆ ಚಿಮ್ಮಿಸುತ್ತಾನೆ. ಮತ್ತು ಬಂದ ಮೀನನ್ನು ಕೈಯಿಂದಲೇ ಹೆಕ್ಕುತ್ತಾನೆ. ಸುತ್ತಲಿನ ಹವಳ ಸಾಯುತ್ತದೆ. ಮೀನು ಚೇತರಿಸಿಕೊಂಡಂತೆ ಕಂಡರೂ ಒಳಾಂಗಗಳು ಹಾನಿಗೊಂಡಿರುತ್ತವೆ. ಅಲ್ಲಿ ಇದು ಕಾನೂನುಬಾಹಿರವಾದರೂ ಪೂರ್ತಿ ನಿಂತಿಲ್ಲ. ಮನೆಗೆ ತಂದ ಮೀನು ಎರಡು–ಮೂರು ವಾರ ಚೆನ್ನಾಗಿಯೇ ತಿಂದು, ಆದರೂ ಸೊರಗುತ್ತ ಹೋಗಿ, ಕಾರಣ ತಿಳಿಯದಂತೆ ಸತ್ತರೆ ಮೊದಲು ಬರುವ ಅನುಮಾನ ಇದೇ.

ಆಳದಿಂದ ಅವಸರವಾಗಿ ಮೇಲೆತ್ತಿದ ಮೀನಿಗೆ ಗಾಳಿಚೀಲ ಹಿಗ್ಗಿ ಸಮತೋಲನ ತಪ್ಪಿರುತ್ತದೆ. ತಲೆ ಕೆಳಗಾಗಿ ತೇಲುವ, ಓಲಾಡುತ್ತ ಈಜುವ ಏಂಜೆಲ್ ಅನ್ನು ಕೊಳ್ಳಬಾರದು. ಬೆನ್ನ ಮೇಲ್ಭಾಗ ಚೂಪಾಗಿ ಸೊರಗಿರುವುದು, ಹೊಟ್ಟೆ ಒಳಕ್ಕೆ ಸೇರಿರುವುದು, ಕಣ್ಣು ಮಸುಕಾಗಿರುವುದು, ಒಂದೇ ಸಮನೆ ವೇಗವಾಗಿ ಕಿವಿರು ಆಡಿಸುವುದು ಇವೆಲ್ಲ ಅಪಾಯದ ಚಿಹ್ನೆಗಳು. ಎಲ್ಲಕ್ಕಿಂತ ಮಿಗಿಲಾಗಿ, ಅಂಗಡಿಯವನಿಂದ ಎದುರಿಗೇ ಆಹಾರ ಹಾಕಿಸಿ ನೋಡಬೇಕು. ತಿನ್ನದ ಏಂಜೆಲ್ ಅನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಟ್ಟುಬರುವುದೇ ಸರಿ. ಚೆನ್ನೈ ಅಥವಾ ಮುಂಬೈ ಮೂಲಕ ಆಗಷ್ಟೇ ಬಂದ ಮೀನಾದರೆ ಮುಂಗಡ ಕೊಟ್ಟು ಒಂದು ವಾರ ಅಂಗಡಿಯಲ್ಲಿಯೇ ಇರಿಸಿ, ಆಮೇಲೆ ತರುವುದು ಜಾಣತನ.

ದೂರದಿಂದ ಚೀಲದಲ್ಲಿ ಬಂದ ಮೀನನ್ನು ಹೊಸ ನೀರಿಗೆ ಹೊಂದಿಸುವಾಗ ಒಂದು ಸೂಕ್ಷ್ಮವಿದೆ. ಚೀಲದೊಳಗೆ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಅಮೋನಿಯ ಇದ್ದರೂ ಆಗ ಅದು ಅಷ್ಟಾಗಿ ಬಾಧಿಸದು. ಚೀಲ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯ ವಿಷವಾಗುತ್ತದೆ. ಹೀಗಾಗಿ ಬಹಳ ಹೊತ್ತು ಪ್ರಯಾಣ ಮಾಡಿದ ಮೀನನ್ನು ಹಳೆಯ ನೀರಿನಲ್ಲಿಯೇ ಇರಿಸಿ ಗಂಟೆಗಟ್ಟಲೆ ಹನಿಹನಿಯಾಗಿ ಹೊಸ ನೀರು ಬೆರೆಸುವ ರೂಢಿ ಹಾನಿಕರ. ಚೀಲದ ನೀರಿನ ಉಪ್ಪಿನಂಶ ಅಳೆದು, ಪ್ರತ್ಯೇಕ ತೊಟ್ಟಿಯಲ್ಲಿ ಅಷ್ಟೇ ಉಪ್ಪಿನಂಶದ ನೀರನ್ನು ಸಿದ್ಧಪಡಿಸಿ, ಉಷ್ಣತೆ ಸಮವಾದ ಕೂಡಲೇ ಮೀನನ್ನು ವರ್ಗಾಯಿಸುವುದು ಉತ್ತಮ.

ಆ ಪ್ರತ್ಯೇಕ ತೊಟ್ಟಿಯಲ್ಲಿಯೇ ಮೀನು ಕನಿಷ್ಠ ನಾಲ್ಕು ವಾರ ಇರಬೇಕು. ಉಪ್ಪುನೀರಿನ ಮೀನುಗಳ ಮೊದಲ ಶತ್ರು ಬಿಳಿಚುಕ್ಕೆ ರೋಗ. ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ ಮೀನಿನ ಚರ್ಮದೊಳಗೆ ಕೆಲವು ದಿನವಿದ್ದು ಉದುರುತ್ತದೆ, ತಳದಲ್ಲಿ ಕೋಶ ಕಟ್ಟಿಕೊಂಡು ದಿನಗಳಿಂದ ವಾರಗಳವರೆಗೆ ಕಾಯ್ದು, ನೂರಾರು ಮರಿಗಳಾಗಿ ಮರಳಿ ಮೀನನ್ನು ಹುಡುಕುತ್ತದೆ. ಚುಕ್ಕೆ ಮಾಯವಾಯಿತು ಎಂದರೆ ರೋಗ ವಾಸಿಯಾಯಿತು ಎಂದಲ್ಲ. ಮುಖ್ಯ ತೊಟ್ಟಿಗೆ ರೋಗ ಹೊಕ್ಕರೆ ಎಲ್ಲ ಮೀನುಗಳನ್ನೂ ಹೊರತೆಗೆದು ಹತ್ತು–ಹನ್ನೊಂದು ವಾರ ಖಾಲಿ ಬಿಡುವುದೊಂದೇ ಖಚಿತವಾದ ದಾರಿ. ತಾಮ್ರದ ಔಷಧ ಪರಿಣಾಮಕಾರಿ, ಆದರೆ ಕುಬ್ಜ ಏಂಜೆಲ್‌ಗಳು ಅದನ್ನು ಸಹಿಸುವುದು ಕಷ್ಟ. ಪರೀಕ್ಷಾ ಕಿಟ್‌ನಿಂದ ದಿನವೂ ಅಳೆಯುತ್ತ, ನಿಧಾನವಾಗಿ ಪ್ರಮಾಣ ಏರಿಸಬೇಕು. ಸಿಗಡಿ, ನಕ್ಷತ್ರಮೀನು ಇರುವ ಮುಖ್ಯ ತೊಟ್ಟಿಗೆ ತಾಮ್ರವನ್ನು ಎಂದೂ ಹಾಕಬಾರದು. ಸುಣ್ಣದ ಬಂಡೆಗಳು ಅದನ್ನು ಹೀರಿಕೊಂಡು ಬಹಳ ಕಾಲ ಉಳಿಸಿಕೊಳ್ಳುತ್ತವೆ.

ಊಟ ಮತ್ತು ಒಡನಾಟ

ದಿನಕ್ಕೆ ಒಂದು ಸಲ ಹೊಟ್ಟೆ ತುಂಬ ಹಾಕುವುದಕ್ಕಿಂತ ಮೂರು–ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕುವುದು ಏಂಜೆಲ್‌ಗಳಿಗೆ ಹೊಂದುತ್ತದೆ. ಒಣಗಿಸಿದ ಕಡಲಕಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ತೊಟ್ಟಿಯೊಳಗೆ ಇಳಿಬಿಟ್ಟರೆ ದಿನವಿಡೀ ಹರಿದು ತಿನ್ನುತ್ತವೆ. ಜಪಾನೀ ಅಡುಗೆಗೆ ಬಳಸುವ, ಉಪ್ಪು–ಎಣ್ಣೆ ಬೆರೆಸದ ನೋರಿ ಹಾಳೆ ಇದಕ್ಕೆ ಸಾಕು. ಸಣ್ಣಗೆ ಹೆಚ್ಚಿದ ಸಿಗಡಿ, ಕೊಂಡಾಸ್, ಸ್ಪಂಜು ಬೆರೆಸಿ ಹೆಪ್ಪುಗಟ್ಟಿಸಿದ ಆಮದು ಆಹಾರ, ಗುಳಿಗೆಗಳನ್ನು ಬದಲಾಯಿಸುತ್ತ ಕೊಡಬೇಕು. ಒಂದೇ ಬಗೆಯ ಆಹಾರದಲ್ಲಿಟ್ಟ ದೊಡ್ಡ ಏಂಜೆಲ್‌ಗಳಿಗೆ ತಲೆ ಮತ್ತು ಪಕ್ಕೆಯ ಗೆರೆಯುದ್ದಕ್ಕೂ ಚರ್ಮ ಸವೆದು ಗುಳಿ ಬೀಳುವ ಕಾಯಿಲೆ ಬರುತ್ತದೆ. ಪೌಷ್ಟಿಕಾಂಶದ ಕೊರತೆಯ ಜೊತೆಗೆ ಸೋಸುಗದಲ್ಲಿ ಬಳಸುವ ಇದ್ದಿಲಿನ ಪುಡಿಯೂ ಇದಕ್ಕೆ ಕಾರಣವಾಗಬಲ್ಲದು.

ಹೊಸದಾಗಿ ಬಂದು ಮುನಿಸಿಕೊಂಡ ಮೀನಿಗೆ ಕರಾವಳಿಯವರ ಕೈಗೆಟಕುವ ಮದ್ದೊಂದಿದೆ: ಮರುವಾಯಿ. ಮಂಗಳೂರು, ಉಡುಪಿಯ ಮೀನುಪೇಟೆಯಲ್ಲಿ ಸಿಗುವ ಈ ಚಿಪ್ಪುಮೀನನ್ನು ಎರಡು ದಿನ ಫ್ರೀಜರ್‌ನಲ್ಲಿಟ್ಟು, ಕರಗಿಸಿ, ಚಿಪ್ಪನ್ನು ಬಿಡಿಸಿ ಮಾಂಸದ ಸಮೇತ ಬಂಡೆಯ ಮೇಲೆ ಇಟ್ಟರೆ, ಬಂಡೆಗೆ ಅಂಟಿದ ಜೀವಿಯನ್ನು ಕುಕ್ಕುವ ಸಹಜ ಅಭ್ಯಾಸ ಮರುಕಳಿಸಿ ಎಷ್ಟೋ ಹಟಮಾರಿ ಏಂಜೆಲ್‌ಗಳು ಬಾಯಿ ಹಾಕುತ್ತವೆ. ಫ್ರೀಜರ್‌ನಲ್ಲಿ ಇಡದೆ ಹಸಿಯಾಗಿಯೇ ಕೊಟ್ಟರೆ ಪರಾವಲಂಬಿಗಳು ತೊಟ್ಟಿಗೆ ಬರುವ ಭಯವಿದೆ. ತಿನ್ನದೆ ಉಳಿದದ್ದನ್ನು ಎರಡು ಗಂಟೆಯೊಳಗೆ ತೆಗೆಯದಿದ್ದರೆ ನೀರು ಕೆಡುತ್ತದೆ.

ಇನ್ನು ಒಡನಾಟ. ಒಂದು ತೊಟ್ಟಿಗೆ ಒಂದೇ ಏಂಜೆಲ್ ಎಂಬುದು ಹಳೆಯ, ಇಂದಿಗೂ ಸುರಕ್ಷಿತವಾದ ನಿಯಮ. ಎಲ್ಲ ಮೀನುಗಳೂ ನೆಲೆಗೊಂಡ ನಂತರ ಕೊನೆಯದಾಗಿ ಏಂಜೆಲ್ ಅನ್ನು ಬಿಡಬೇಕು. ಮೊದಲೇ ಬಿಟ್ಟರೆ ಇಡೀ ತೊಟ್ಟಿ ತನ್ನದೆಂದು ಭಾವಿಸಿ ಹೊಸಬರನ್ನು ಅಟ್ಟಾಡಿಸುತ್ತದೆ. ಕುಬ್ಜ ಏಂಜೆಲ್‌ಗಳ ಜೋಡಿ ಬೇಕೆಂದರೆ ಒಂದು ದೊಡ್ಡದು, ಒಂದು ತೀರಾ ಚಿಕ್ಕದನ್ನು ಆರಿಸಬೇಕು. ಇವುಗಳಲ್ಲಿ ಎಲ್ಲವೂ ಮೊದಲು ಹೆಣ್ಣಾಗಿಯೇ ಇದ್ದು, ಗುಂಪಿನ ಬಲಿಷ್ಠ ಮೀನು ಗಂಡಾಗಿ ಬದಲಾಗುತ್ತದೆ. ಒಂದೇ ಗಾತ್ರದ ಎರಡನ್ನು ಬಿಟ್ಟರೆ ಯಜಮಾನಿಕೆಗಾಗಿ ಸಾಯುವವರೆಗೂ ಕಾದಾಡುವುದುಂಟು.

ತೊಟ್ಟಿಯಲ್ಲಿಯೇ ಹುಟ್ಟಿದ ಏಂಜೆಲ್

ಜೋಡಿ ಹೊಂದಿಕೊಂಡ ತೊಟ್ಟಿಗಳಲ್ಲಿ ಸಂಜೆ ದೀಪ ಆರುವ ಹೊತ್ತಿಗೆ ಎರಡೂ ಮೀನುಗಳು ಮೇಲ್ಮುಖವಾಗಿ ಏರಿ ಮೊಟ್ಟೆ ಚೆಲ್ಲುವುದನ್ನು ಹವ್ಯಾಸಿಗಳು ಕಂಡಿದ್ದಾರೆ. ಮೊಟ್ಟೆಗಳು ಒಂದು ಮಿಲಿಮೀಟರಿಗೂ ಚಿಕ್ಕವು, ನೀರಿನ ಮೇಲೆ ತೇಲುತ್ತವೆ. ಒಂದು ದಿನದೊಳಗೆ ಒಡೆಯುತ್ತವೆ. ಕಷ್ಟ ಬರುವುದು ಅಲ್ಲಿಂದ ಮುಂದೆ. ಕ್ಲೌನ್ ಮೀನಿನ ಮರಿಗೆ ಕೊಡುವ ರೋಟಿಫರ್ ಎಂಬ ಸೂಕ್ಷ್ಮಜೀವಿಯೂ ಏಂಜೆಲ್ ಮರಿಯ ಬಾಯಿಗೆ ದೊಡ್ಡದಾಗುತ್ತದೆ. ದಶಕಗಳ ಕಾಲ ಎಲ್ಲ ಪ್ರಯತ್ನಗಳೂ ಈ ಹಂತದಲ್ಲಿಯೇ ನಿಂತುಹೋಗುತ್ತಿದ್ದವು. 2000ರ ದಶಕದ ಆರಂಭದಲ್ಲಿ ಹವಾಯಿಯಲ್ಲಿ ಫ್ರಾಂಕ್ ಬೇನ್ಷ್ ಅವರು ಕೋಪೆಪಾಡ್ ಎಂಬ ಸೂಕ್ಷ್ಮ ಕಡಲ ಜೀವಿಯ ಮರಿಗಳನ್ನು ಆಹಾರವಾಗಿ ಬಳಸಿ ಫ್ಲೇಮ್ ಏಂಜೆಲ್ ಮೊದಲಾದ ಕುಬ್ಜ ಪ್ರಭೇದಗಳನ್ನು ಬೆಳೆಸುವಲ್ಲಿ ಯಶಸ್ವಿಯಾದರು. ನಂತರ ಇಂಡೋನೇಷ್ಯಾದ ಬಾಲಿಯಲ್ಲಿ ದೊಡ್ಡ ಏಂಜೆಲ್‌ಗಳ ಸಂತಾನೋತ್ಪತ್ತಿಯೂ ವಾಣಿಜ್ಯ ಮಟ್ಟಕ್ಕೆ ಬಂದಿದೆ.

ಭಾರತದಲ್ಲಿ 1947ರಲ್ಲಿ ಸ್ಥಾಪನೆಯಾದ, ಕಾರವಾರದಲ್ಲಿಯೂ ಕೇಂದ್ರ ಹೊಂದಿರುವ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನು ಮತ್ತು ಡ್ಯಾಮ್ಸೆಲ್ ಮೀನುಗಳ ಹಲವು ಪ್ರಭೇದಗಳ ಮರಿ ಉತ್ಪಾದನಾ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ಅವು ಬಂಡೆಗೆ ಮೊಟ್ಟೆ ಅಂಟಿಸುವ ಮೀನುಗಳಾದ್ದರಿಂದ ಕೆಲಸ ಏಂಜೆಲ್‌ಗಳಿಗಿಂತ ಸುಲಭ.

ತೊಟ್ಟಿಯಲ್ಲಿ ಹುಟ್ಟಿದ ಏಂಜೆಲ್‌ನ ಬೆಲೆ ಸಮುದ್ರದಿಂದ ಹಿಡಿದದ್ದಕ್ಕಿಂತ ಹೆಚ್ಚು. ಆದರೆ ಆ ಮರಿ ಹುಟ್ಟಿದಂದಿನಿಂದ ಗಾಜಿನ ಗೋಡೆಗೆ, ಮನುಷ್ಯನ ನೆರಳಿಗೆ ಒಗ್ಗಿರುತ್ತದೆ. ಸಯನೈಡ್‌ನ ಭಯವಿಲ್ಲ, ಗಾಳಿಚೀಲದ ತೊಂದರೆಯಿಲ್ಲ, ಕಡಲಿನಿಂದ ಬರುವ ಪರಾವಲಂಬಿಗಳ ಹೊರೆಯೂ ಕಡಿಮೆ. ಮೂರು–ನಾಲ್ಕು ಸೆಂಟಿಮೀಟರ್ ಇರುವಾಗಲೇ ಗುಳಿಗೆ ತಿನ್ನುವುದನ್ನು ಕಲಿತಿರುತ್ತದೆ. ಸ್ಪಂಜನ್ನೇ ಹುಡುಕುತ್ತ ಉಪವಾಸ ಸಾಯುವ ರೀಗಲ್ ಏಂಜೆಲ್‌ನ ವಿಷಯದಲ್ಲಿಯೂ ತೊಟ್ಟಿಯಲ್ಲಿ ಹುಟ್ಟಿದ ಮರಿಗಳು ಸಿದ್ಧ ಆ
ಹಾರಕ್ಕೆ ಬಾಯಿ ಹಾಕುತ್ತವೆ.